ಹಳೇ ಫೈಲಿನ ಆಪ್ಶನ್

ವರ್ಷಕ್ಕೊಮ್ಮೆ ಮನಸ್ಸನ್ನು ಹೊಸ ಕಂಪೈಲರಿನಲ್ಲಿ ಕಂಪೈಲ್ ಮಾಡಿಸುವುದು, ಅಂದರೆ ಹೊಸದಾಗಿ ಕಟ್ಟಿಸುವುದು, ಊರಿನಲ್ಲಿ ಎಲ್ಲರಿಗೂ ಮಾಮೂಲು. ಗಂಡ ಮಾರುತಿಯದನ್ನು ಸುಗಂಧಾ ಮನೆಯಲ್ಲೇ ಮಾಡುತ್ತಿದ್ದಳು.

"ಹಳೇ ಫೈಲ್ ಓದೋ ಆಪ್ಶನ್ ತಗದ ಹಾಕಬ್ಯಾಡ ಮತ್ತ," ಎಂದು ಹೇಳಿಯೇ ಅವನು ಕಣ್ಣು ಮುಚ್ಚಿದ.

ಸುಗಂಧಾ ಬರುವ ಮುಂಚಿನ ನೆನಪುಗಳ ಆ ಫೈಲುಗಳ ತುಂಬ ತೀರಿಕೊಂಡ ಮೊದಲ ಹೆಂಡತಿ ಚಂಪಾ. ಹನ್ನೊಂದು ವರ್ಷ ತನ್ನ ಜೊತೆ ಸಂಸಾರ ಮಾಡಿದ ಮೇಲೂ ಇವನಿಗೆ ಅವಳೇ ಬೇಕೇ? ಸುಗಂಧಾಳ ಹೊಟ್ಟೆ ಉರಿಯಿತು. ಆಪ್ಶನ್ ತೆಗೆದುಹಾಕಿ ರನ್ ಒತ್ತಿದಳು.

ಕಣ್ಣು ಬಿಟ್ಟ ಮಾರುತಿ ಗೋಡೆಯ ಮೇಲಿನ ಚಂಪಾಳ ಫೋಟೊ ನೋಡಿ, "ಇವ್ರು ಯಾರ?" ಎಂದ. ಸುಗಂಧಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ದಿನದಂತೆ ಬಾಚಣಿಗೆ ಕೊಟ್ಟು, ಅವನಿಗೆ ಬೆನ್ನು ಮಾಡಿ ಕೂತಳು. ಅವಳ ಜಡೆ ಹೆಣೆಯುವುದನ್ನು ಅವನು ಒಂದು ದಿನವೂ ತಪ್ಪಿಸಿರಲಿಲ್ಲ. ಅದನ್ನು ಯಾರು ಕಲಿಸಿದರೆಂದು ಅವಳು ಎಂದೂ ಕೇಳಿರಲಿಲ್ಲ.

ಕೂದಲು ಹಿಡಿದುಕೊಂಡು ಮಾರುತಿ ಅತ್ತಿತ್ತ ತಿರುಗಿಸಿ ನೋಡಿದ.

"ಇದನ್ನ ಏನ್ ಮಾಡ್ಬೇಕ, ಸುಗಂಧಾ?"