ಆಚೆ ಕರೆಂಟು, ಈಚೆ ನೀರು

ಮೈತುಂಬ ಸೋಪು ಹಚ್ಚಿಕೊಂಡ ಹೊತ್ತಿಗೆ ಸರಿಯಾಗಿ ನಲ್ಲಿ ನಿಂತುಹೋಯಿತು. ಮೇಲಿನ ಮಹಡಿಯ ಅತಿಥಿ ಟವೆಲು ಸುತ್ತಿಕೊಂಡು, ನೊರೆ ಸುರಿಸುತ್ತ ಇಳಿದು ಬಂದು ಲಾಡ್ಜಿನ ಯಜಮಾನಿಯ ಎದುರು ನಿಂತ. ಅವನ ಹಿಂದೆ ಇಡೀ ಪ್ರವಾಸಿ ತಂಡವೇ ಇಳಿಯಿತು. ಮಧ್ಯಾಹ್ನದೊಳಗೆ ನೀರು ಬಾರದಿದ್ದರೆ ಬೇರೆ ಊರಿಗೆ ಹೋಗುವುದಾಗಿ ತಂಡದ ಮುಖಂಡ ಹೇಳಿಬಿಟ್ಟ.

ಯಜಮಾನಿ ವರ್ಷವಿಡೀ ನೊಣ ಹೊಡೆದ ಮೇಲೆ ಬಂದ ಮೊದಲ ತಂಡ ಇದು. ಇವರೂ ಹೊರಟರೆ ಬಾಗಿಲಿಗೆ ಬೀಗವೇ ಗತಿ. ಹಿಂದಿನ ದಿನದ ಬಿರುಗಾಳಿಗೆ ಕರೆಂಟು ಕಂಬಗಳು ಉರುಳಿದ್ದವು, ಊರಿನ ನೀರಿನ ಪೈಪೂ ಒಡೆದಿತ್ತು. ಹಟ ಹಿಡಿದು ಅವಳು ಕಟ್ಟಿಸಿದ ಮಳೆನೀರಿನ ಟ್ಯಾಂಕು ನೆಲದಡಿ ತುಂಬಿ ತುಳುಕುತ್ತಿತ್ತು, ನಿಜ. ಆದರೆ ಅದು ಬಾಯಿ ಮುಚ್ಚಿದ ಟ್ಯಾಂಕು. ಮೋಟಾರು ತಿರುಗದೆ ಹನಿ ನೀರೂ ಮೇಲೆ ಬಾರದು.

ಕರೆಂಟು ಇದ್ದದ್ದು ಗೋಡೆಯಾಚೆ, ಕಿರಿಯ ಓರಗಿತ್ತಿಯ ಲಾಡ್ಜಿನಲ್ಲಿ. ಅಣ್ಣತಮ್ಮಂದಿರು ಪಾಲಾದಾಗ ಒಂದೇ ಲಾಡ್ಜು ಎರಡಾಗಿ, ಪುಟ್ಟ ಅಂಗಳದ ನಡುವೆ ಗೋಡೆ ಎದ್ದಿತ್ತು. ಗಂಡಂದಿರು ಸಂಜೆ ಒಟ್ಟಿಗೇ ವಾಕಿಂಗ್ ಹೋಗುತ್ತಿದ್ದರು. ಹೆಂಡತಿಯರಿಗೆ ಮಾತ್ರ ಎಣ್ಣೆ ಸೀಗೆಕಾಯಿ. ಕಿರಿಯವಳು ಸೋಲಾರ್ ಹಾಕಿಸಿದಾಗ ‘ಮಾಳಿಗೆ ಮೇಲೆ ಕನ್ನಡಿ ಅಂಗಡಿ’ ಎಂದು ಇವಳು ಆಡಿಕೊಂಡಿದ್ದಳು. ಇವಳ ಟ್ಯಾಂಕಿಗೆ ಅವಳು ‘ಕಪ್ಪೆ ಸಾಕೋ ಗುಂಡಿ’ ಎಂದು ಹೆಸರಿಟ್ಟಿದ್ದಳು. ಈಗ ಹೋಗಿ ಅವಳ ಮುಂದೆ ಕೈಯೊಡ್ಡುವುದು ಸತ್ತರೂ ಆಗದ ಮಾತು.

ಅಷ್ಟರಲ್ಲಿ ಗೋಡೆಯಾಚೆಯಿಂದ ಖಾಲಿ ಬಕೆಟುಗಳ ಸದ್ದು ಕೇಳಿತು. ಅಲ್ಲೂ ನೀರಿಲ್ಲ! ಯಜಮಾನಿಯ ಮುಖ ಅರಳಿತು. ದಢೂತಿ ದೇಹ ಹೊತ್ತು ಗೋಡೆಯ ಪಕ್ಕದ ಸ್ಟೂಲು ಹತ್ತಿದಳು, ಸ್ಟೂಲು ನರಳಿತು. ಆಚೆ ಓರಗಿತ್ತಿ ಆಗಲೇ ಕುರ್ಚಿ ಹತ್ತಿ ನಿಂತಿದ್ದಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರೂ ನೋಡಿದ್ದು ಹಿಂದೆಯೇ ಬಂದಿದ್ದ ಸೋಪಿನ ಅತಿಥಿಯನ್ನು.

“ಅವರಿಗೆ ಹೇಳಿ, ನೀರು ಬೇಕಾದ್ರೆ ಕೊಡ್ತೀನಿ, ಬಾಯಿಬಿಟ್ಟು ಕೇಳಲಿ ಅಂತ.”

“ಕರೆಂಟು ಬೇಕಾದ್ರೆ ನಾನೂ ಕೊಡ್ತೀನಿ. ಮೊದಲು ಅವರು ಕೇಳಲಿ.”

ಕೊಡುವುದರಲ್ಲಿ ಇಬ್ಬರೂ ಧಾರಾಳಿಗಳು. ಕೇಳಲು ಮಾತ್ರ ಯಾರಿಗೂ ನಾಲಿಗೆ ಏಳದು.

“ಇಬ್ಬರ ಪರವಾಗೀನೂ ನಾನೇ ಕೇಳ್ತೀನಿ ತಾಯಂದಿರಾ,” ಎಂದ ಅತಿಥಿ. “ಕಣ್ಣು ಉರೀತಿದೆ.”

ಕಿರಿಯವಳಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕಿದ್ದು ಕಂಡು ಇವಳಿಗೂ ಕಿಸಕ್ಕನೆ ನಗು ಬಂತು. ಆಚೆಯಿಂದ ವೈರು ಬಂತು, ಈಚೆಯಿಂದ ಪೈಪು ಹೋಯಿತು. ಮೋಟಾರು ಗುರ್ರೆಂದದ್ದೇ ತಡ, ಎರಡೂ ಲಾಡ್ಜಿನ ನಲ್ಲಿಗಳಿಗೆ ಜೀವ ಬಂತು. ತಂಡದವರು ಕೆಳಗಿಳಿಸಿದ ಸೂಟ್‌ಕೇಸುಗಳನ್ನು ಮತ್ತೆ ಮೇಲಕ್ಕೆ ಹೊತ್ತರು.

ಕಂಬ ನೆಟ್ಟು ಕರೆಂಟು ಬಂದ ದಿನ, ವೈರು ಬಿಚ್ಚಲೆಂದು ಯಜಮಾನಿ ಮತ್ತೆ ಸ್ಟೂಲು ಹತ್ತಿದಳು.

“ಬಿಚ್ಚಬೇಡಿ ಅಕ್ಕ,” ಎಂದಿತು ಆಚೆಯ ದನಿ. “ಗಾಳಿ ಏನು ಹೇಳಿ ಕೇಳಿ ಬರುತ್ತಾ?”

ಆ ಬಾಯಲ್ಲಿ ಅಕ್ಕ ಎನಿಸಿಕೊಂಡು ವರ್ಷಗಳೇ ಆಗಿದ್ದವು. ಯಜಮಾನಿ ವೈರು ಬಿಚ್ಚದೆ ಸ್ಟೂಲಿನಿಂದ ಇಳಿದಳು. ಮರುದಿನವೇ ಗಾರೆಯವನನ್ನು ಕರೆಸಿ ಗೋಡೆಯಲ್ಲೊಂದು ಕಿಂಡಿ ಬೇಕೆಂದಳು.

“ಎಷ್ಟು ದೊಡ್ಡದಮ್ಮ? ಪೈಪು, ವೈರು ಹೋಗೋವಷ್ಟಾ?”

“ನಾನು ಹೋಗೋವಷ್ಟು.”

ಗಾರೆಯವನು ಅವಳನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದ.

“ಹಾಗಾದ್ರೆ ಗೋಡೆ ಉಳಿಯಲ್ಲಮ್ಮ.”