ಅಜ್ಜಿ ಒಪ್ಪಿದ ಒಂದೇ ಫೋಟೊ

"ಇದೇನೇ, ಸೋಪಿನ ಡಬ್ಬಿ ಹಿಡ್ಕೊಂಡು ಬಂದಿದೀಯಾ?" ಎಂದು ದೊನ್ ಇಲಾರಿಯೊ ಕೇಳಿದ್ದು ಮೆತ್ತಗಲ್ಲ, ಎಲ್ ಆಲ್ತೊ ಊರಿನ ಆ ಮದುವೆ ಹಾಲಿನ ಮೂಲೆಮೂಲೆಗೂ ಕೇಳಿಸುವ ಹಾಗೆ. ವರನ ಕಡೆಯವರು ಹರಸಲು ಎಲ್ಲರ ಮೇಲೂ ಎರಚಿದ್ದ ಬಿಳಿ ಕಾಗದದ ಚೂರನ್ನು ತಲೆ ತುಂಬ ಮೆತ್ತಿಕೊಂಡು, ಉಸಿರು ಬಿಗಿಹಿಡಿದು ಸಾಲಾಗಿ ನಿಂತೇ ಇದ್ದರು. ಫೋಟೊ ಆಗಲೇ ತೆಗೆದಾಗಿದೆ ಎಂದು ಒಬ್ಬರಿಗೂ ಗೊತ್ತಾಗಿರಲಿಲ್ಲ. ನಿಲ್ದಾಳ ಪುಟ್ಟ ಕ್ಯಾಮೆರಾ ಸದ್ದೇ ಮಾಡಿರಲಿಲ್ಲ.

"ಆಯ್ತು, ಉಸಿರು ಬಿಡ್ರಪ್ಪ," ಎಂದು ಅವರಿಗೆ ಹೇಳಿ ನಿಲ್ದಾ ಮುದುಕನ ಕಡೆ ತಿರುಗಿದಳು. "ಒಳಗೆ ಕನ್ನಡಿ ಇಲ್ಲ ಮೇಸ್ಟ್ರೇ. ಕನ್ನಡಿ ಎದ್ದು ಬಿದ್ರೆ ತಾನೇ ಸದ್ದು? ನಿಮ್ಮದರ ಅರ್ಧ ತೂಕ ಇಲ್ಲ. ಮಬ್ಬು ಬೆಳಕಲ್ಲೂ ನಿಮ್ಮದಕ್ಕಿಂತ ಚೆನ್ನಾಗಿ ಬರತ್ತೆ."

"ಸದ್ದಿಲ್ಲದ ಮೇಲೆ ಅದ್ಯಾವ ಸೀಮೆ ಫೋಟೊ? ಜನ ನಗ್ತಿದಾರೆ. ಇಲಾರಿಯೊ ಜುಗ್ಗ, ಆಟದ ಸಾಮಾನು ಕೊಟ್ಟು ಕಳಿಸಿದಾನೆ ಅಂತಿದಾರೆ. ಹಾಕು ಅದನ್ನ ಚೀಲಕ್ಕೆ. ನಾನೇ ತೆಗೀತೀನಿ."

ಅಲ್ಲಿನ ಮದುವೆಗಳಲ್ಲಿ ಒಂದೊಂದು ಏರ್ಪಾಡಿಗೂ ಒಬ್ಬೊಬ್ಬ ಪದ್ರಿನೊ. ಖರ್ಚೂ ಅವನದೇ, ಮರ್ಯಾದೆಯೂ ಅವನದೇ. ಬ್ಯಾಂಡಿನ ಪದ್ರಿನೊ ಎರಡೆರಡು ಬ್ಯಾಂಡು ತರಿಸಿದ್ದ. ಕೇಕಿನ ಪದ್ರಿನೊ ತಂದ ಕೇಕು ಕತ್ತರಿಸಲು ಸ್ಟೂಲು ಹತ್ತಬೇಕಿತ್ತು. ಫೋಟೊದ ಪದ್ರಿನೊ ಇಲಾರಿಯೊ. ತಾನೇ ಕೆಲಸ ಕಲಿಸಿದ ನಿಲ್ದಾಳನ್ನು ಕರೆಸಿದ್ದ. ಈಗ ಅವನ ಮರ್ಯಾದೆಯೆಲ್ಲ ಅವಳ ಒಂದು ಅಂಗೈಯಲ್ಲಿ ಮುಚ್ಚಿಹೋಗಿತ್ತು.

"ತೆಗೀರಿ, ಬೇಡ ಅಂದೋರ್ಯಾರು," ಎಂದಳು ನಿಲ್ದಾ. "ನೋವು ಅಂತ ಸ್ಟುಡಿಯೊ ಮುಚ್ಚಿಸಿದ ಬೆನ್ನು ಅಲ್ವಾ ಅದು? ಆ ಕಲ್ಲನ್ನ ಕತ್ತಿಗೆ ಕಟ್ಕೊಂಡು ಎಷ್ಟು ಹೊತ್ತು ನಿಲ್ಲುತ್ತೋ ನೋಡೋಣ." ಕ್ಯಾಮೆರಾವನ್ನು ಚೀಲಕ್ಕೆ ತುರುಕಿ, ಜಿಪ್ಪು ಎಳೆದು, ಹೋಗಿ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಳು. ಯಾರೋ ಮುಂದಿಟ್ಟ ತಟ್ಟೆಯ ಆಲೂಗಡ್ಡೆಯನ್ನು ಶತ್ರುವನ್ನು ತಿವಿದ ಹಾಗೆ ಫೋರ್ಕಿನಲ್ಲಿ ತಿವಿದಳು.

ಇಲಾರಿಯೊ ಕಾರಿನಿಂದ ತನ್ನ ಹಳೆಯ ಕ್ಯಾಮೆರಾ ತಂದು ಎದೆಯ ಮೇಲೆ ಇಳಿಬಿಟ್ಟುಕೊಂಡು ಬರುವುದಕ್ಕೂ, ಮದುಮಗಳು ಸುಲ್ಮಾ ತನ್ನ ಅಜ್ಜಿಯ ಕೈಹಿಡಿದು ಬರುವುದಕ್ಕೂ ಸರಿಹೋಯಿತು. ಸುಲ್ಮಾಳಿಗೆ ಕೇಕೂ ಬೇಡ, ಬ್ಯಾಂಡೂ ಬೇಡ. ತನ್ನನ್ನು ಸಾಕಿ ಬೆಳೆಸಿದ ಈ ಅಜ್ಜಿಯ ಜೊತೆ ಒಂದು ಫೋಟೊ ಬೇಕಿತ್ತು. ತನ್ನ ಗಂಡ ಫೋಟೊ ತೆಗೆಸಿಕೊಂಡ ತಿಂಗಳೊಳಗೆ ಆ ಫೋಟೊ ಅವನ ಶವಪೆಟ್ಟಿಗೆಯ ಮೇಲೆ ಕೂತಿದ್ದನ್ನು ಕಂಡವಳು ಅಜ್ಜಿ. ಅಂದಿನಿಂದ ಕ್ಯಾಮೆರಾ ಕಂಡರೆ ಶಾಲನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು. ಸುಲ್ಮಾ ಅತ್ತು ಕರೆದು, ಊಟ ಬಿಟ್ಟು, ಅಂತೂ ಒಪ್ಪಿಸಿದ್ದಳು.

"ಒಂದೇ ಒಂದು," ಎಂದಳು ಅಜ್ಜಿ. "ಆಮೇಲೆ ಇನ್ನೊಂದು ಅಂತ ಜೀವ ತಿನ್ನಬಾರ್ದು. ಮಾತು ಕೊಡು."

"ಕೊಟ್ಟೆ ಅಜ್ಜಿ."

ಇಲಾರಿಯೊ ಕೈ ಎತ್ತಿದ. ಎರಡೂ ಬ್ಯಾಂಡು ನಿಂತವು. ಅಜ್ಜಿ ದುಂಡು ಟೊಪ್ಪಿ ಸರಿಮಾಡಿಕೊಂಡು, ಮೊಮ್ಮಗಳ ಕೈ ಗಟ್ಟಿಯಾಗಿ ಹಿಡಿದು, ಕಣ್ಣು ಮಿಟುಕಿಸದೆ ನೋಡಿದಳು. ಫ್ಲಾಶು ಹೊಡೆಯಿತು. ಠಕ್ ಎಂದ ಸದ್ದು ಬಾಗಿಲಿನವರೆಗೂ ಕೇಳಿಸಿತು.

"ಕೇಳಿಸ್ತು ಬಿಡು. ಇದಪ್ಪ ಕ್ಯಾಮೆರಾ," ಎಂದು ಅಜ್ಜಿ ಹೋಗಿ ಕೂತಳು. ಜನ ಚಪ್ಪಾಳೆ ತಟ್ಟಿದರು. ಇಲಾರಿಯೊ ನಿಲ್ದಾಳನ್ನು ನೋಡಿ ಮೀಸೆ ತಿರುವಿದನೇ ಹೊರತು ಕ್ಯಾಮೆರಾದ ಹಿಂದಿನ ಪರದೆ ನೋಡಲಿಲ್ಲ. ಅವನು ಎಂದೂ ನೋಡಿದವನಲ್ಲ. ತೆಗೆದ ಫೋಟೊವನ್ನು ತಿರುಗಿಸಿ ನೋಡುವವರು ಕೈಮೇಲೆ ನಂಬಿಕೆ ಇಲ್ಲದವರು ಎಂದು ಶಿಷ್ಯರಿಗೆ ಹೇಳಿಕೊಟ್ಟವನು.

ನಿಲ್ದಾಳಿಗೆ ತಡೆಯಲಾಗಲಿಲ್ಲ. ಎದ್ದು ಬಂದು, ಅವನ ಎದೆಯ ಮೇಲಿದ್ದ ಕ್ಯಾಮೆರಾವನ್ನು ಹಿಡಿದು ತಿರುಗಿಸಿದಳು.

"ಕಾರ್ಡೇ ಹಾಕಿಲ್ವಲ್ರೀ ಇದಕ್ಕೆ."

ಕಾರ್ಡು ಮನೆಯಲ್ಲಿ ಕಂಪ್ಯೂಟರಿನ ಬಾಯಲ್ಲೇ ಉಳಿದಿತ್ತು. ಮುದುಕನ ಮುಖ ಬಿಳಿಚಿಕೊಂಡಿತು. "ನೀನು... ನೀನು ತೆಗೆದಿರ್ತೀಯಲ್ವಾ, ಅಲ್ಲಿಂದಲೇ?"

"ಚೀಲಕ್ಕೆ ಹಾಕು ಅಂದಿದ್ಯಾರು?"

"ಹಾಕು ಅಂದ್ರೆ ಹಾಕಿಬಿಡೋದಾ? ಫೋಟೊ ತೆಗೆಯೋಳಾ ನೀನು?"

"ಸಾಕು ನಿಲ್ಲಿಸಿ ಇಬ್ರೂ." ಸುಲ್ಮಾ ಹಿಂದೆಯೇ ನಿಂತಿದ್ದಳು. ದನಿ ಏರಿಸಲಿಲ್ಲ. "ನಿಮ್ಮ ಜಗಳಕ್ಕೆ ನನ್ನ ಅಜ್ಜೀನೇ ಸಿಕ್ಕಿದ್ಲಾ? ದೊಡ್ಡ ಕ್ಯಾಮೆರಾ ಅಂತೆ, ಚಿಕ್ಕ ಕ್ಯಾಮೆರಾ ಅಂತೆ. ಅಷ್ಟು ಹೊತ್ತು ಎದುರಿಗೆ ನಿಂತಿದ್ಲಲ್ಲ, ನಿಮ್ಮಲ್ಲಿ ಒಬ್ಬರಾದ್ರೂ ಅವಳ ಮುಖ ನೋಡಿದ್ರಾ?"

ಇಲಾರಿಯೊ ಅವಳ ಕಿವಿಯ ಹತ್ತಿರ ಬಗ್ಗಿದ. "ತಾಯಿ, ನಿಲ್ದಾಳ ಕ್ಯಾಮೆರಾಕ್ಕೆ ಸದ್ದಿಲ್ಲ. ಅಜ್ಜಿಗೆ ಗೊತ್ತೇ ಆಗಲ್ಲ. ಇಲ್ಲಿಂದಲೇ ಒಂದು..."

ಇಷ್ಟು ಹೊತ್ತು ಸದ್ದಿಲ್ಲದ್ದು ಫೋಟೊವೇ ಅಲ್ಲ ಎಂದ ಮನುಷ್ಯ. ನಿಲ್ದಾ ಆಗಲೇ ಜಿಪ್ಪು ತೆಗೆದು ಕ್ಯಾಮೆರಾ ಎತ್ತಿದ್ದಳು. ಅತ್ತ ಅಜ್ಜಿ ಶಾಲು ಜಾರಿದ್ದರ ಪರಿವೆಯಿಲ್ಲದೆ, ಕೋಳಿಯ ಕಾಲು ಮುರಿಯುತ್ತಾ, ಪಕ್ಕದವಳ ಮಾತಿಗೆ ಬಾಯಿತುಂಬ ನಗುತ್ತಿದ್ದಳು.

"ಬೇಡ," ಎಂದಳು ಸುಲ್ಮಾ. "ಮಾತು ಕೊಟ್ಟಿದೀನಿ." ಮುಂದೆ ಬಂದು ಅಂಗೈಯನ್ನು ಲೆನ್ಸಿಗೆ ಅಡ್ಡ ಹಿಡಿದಳು. ನಿಲ್ದಾ ಕ್ಯಾಮೆರಾ ಕೆಳಗಿಳಿಸಿದಳು. ಅಂಗೈ ಅಡ್ಡ ಬಂದ ಗಳಿಗೆಯಲ್ಲೇ ಬೆರಳು ಗುಂಡಿಯನ್ನು ಒತ್ತಿಬಿಟ್ಟಿತ್ತು. ಅದು ಒತ್ತಿದವಳಿಗೇ ಗೊತ್ತಾಗಲಿಲ್ಲ.

ಅಜ್ಜಿಯ ಫೋಟೊ ಎಂದು ಆ ಮದುವೆಯಲ್ಲಿ ಉಳಿದದ್ದು ಅದೊಂದೇ: ಚಿತ್ರದ ತುಂಬ ಮದುಮಗಳ ಅಂಗೈ, ಎರಡು ಬೆರಳುಗಳ ಸಂದಿಯಲ್ಲಿ ಬಿಳಿ ಕಾಗದದ ಚೂರು ಮೆತ್ತಿದ ದುಂಡು ಟೊಪ್ಪಿಯ ಅಂಚು.