ರೆಕಾರ್ಡ್ ಬುಕ್ಕಿನ ಕೊನೆಯ ಖಾನೆ

ಡ್ಯೂಟಿ ಮಾಡುತ್ತಲೇ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದ ದಾಕ್ಷಾಯಿಣಿಯ ರೆಕಾರ್ಡ್ ಬುಕ್ಕಿನಲ್ಲಿ ಒಂದೇ ಖಾನೆ ಖಾಲಿಯಿತ್ತು: ಶವದ ಆರೈಕೆ. ಅದು ತುಂಬದೆ ಪರೀಕ್ಷೆಗೆ ಕೂರುವಂತಿರಲಿಲ್ಲ.

“ಹದಿನೆಂಟು ವರ್ಷದಲ್ಲಿ ನೂರಾರು ಹೆಣ ಕಟ್ಟಿದೀನಿ, ಮೇಡಂ.”

“ನಾನು ನೋಡಿದ್ನಾ? ನನ್ನ ಕಣ್ಣೆದುರು ಮಾಡಮ್ಮಾ, ಸಹಿ ಹಾಕ್ತೀನಿ,” ಎಂದು ಟ್ಯೂಟರ್ ಗದರಿದ್ದರು.

ರೆಕಾರ್ಡ್ ಒಪ್ಪಿಸುವ ಕೊನೆಯ ದಿನ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. “ಕೇಸ್ ಸಿಕ್ಕಿದೆ. ಬನ್ನಿ ಮೇಡಂ.”

ಟ್ಯೂಟರ್ ಊಟ ಬಿಟ್ಟು ವಾರ್ಡಿಗೆ ಓಡಿಬಂದರು. ದಾಕ್ಷಾಯಿಣಿ ಹೆಣದ ಕಣ್ಣು ಮುಚ್ಚಿಸಿದಳು, ಮೈ ಒರೆಸಿದಳು, ದವಡೆ ಕಟ್ಟಿದಳು, ಹೆಬ್ಬೆರಳುಗಳನ್ನು ಜೋಡಿಸಿ ಬಿಗಿದಳು. ಕೈ ಒಮ್ಮೆಯೂ ತಡವರಿಸಲಿಲ್ಲ.

“ಶಹಬ್ಬಾಸ್! ಹೀಗಿರ್ಬೇಕು ನೋಡು,” ಎಂದು ಟ್ಯೂಟರ್ ಸಹಿ ಹಾಕಿದರು. “ಇನ್ನು ಬಾಡಿ ಕೊಡೋ ಫಾರಮ್ಮಿಗೆ ಇವರ ಕಡೆಯವರ ಸಹಿ ಬೇಕು. ಯಾರಿದಾರೆ, ಕರಿ.”

ದಾಕ್ಷಾಯಿಣಿ ಅವರ ಕೈಯಿಂದಲೇ ಪೆನ್ನು ತೆಗೆದುಕೊಂಡು ತನ್ನ ಹೆಸರು ಬರೆದಳು. ಸಂಬಂಧ ಎಂದಿದ್ದ ಕಡೆ ತುಂಬಿದಳು: ಹೆಂಡತಿ.